ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ತಾಳಮದ್ದಳೆ: ನನ್ನ ಕೇಳುವ ಸೆಟಪ್

ಆ್ಯಪ್ ಆಗಲಿ, ಗ್ಯಾಜೆಟ್ ಆಗಲಿ, ನಾನು ಮೊದಲು ಹುಡುಕುವುದು 'ಎಕ್ಸ್‌ಪೋರ್ಟ್' ಬಟನ್, ಅಂದರೆ ನಾನು ಒಳಗೆ ಕೂಡಿಟ್ಟದ್ದನ್ನು ಹೊರಗೆ ತೆಗೆದುಕೊಳ್ಳುವ ದಾರಿ. ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಇದ್ದರೂ ಸಾಕು. ಇಲ್ಲವೇ ಇಲ್ಲ ಅಂದರೆ ಆ ಆ್ಯಪ್ ಎಷ್ಟೇ ಚೆಂದ ಇರಲಿ, ನನ್ನ ಫೋನಿನಲ್ಲಿ ಜಾಸ್ತಿ ದಿನ ಉಳಿಯುವುದಿಲ್ಲ. ಗೆಳೆಯರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೇರೆ ಬೇರೆ ಸೈಟುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ನಿಂತಿತು. 'ಆಮೇಲೆ ಓದೋಣ' ಅಂತ ಲೇಖನಗಳನ್ನು ಎತ್ತಿಡುತ್ತಿದ್ದ ಪಾಕೆಟ್ 2025ರ ಜುಲೈನಲ್ಲಿ ಬಾಗಿಲು ಹಾಕಿತು. ಮೂರೂ ಒಳ್ಳೆಯ ಸೇವೆಗಳೇ. ಹೋಗುವ ಮುಂಚೆ ಮೂರೂ, ಜನ ಕೂಡಿಟ್ಟ ಪಟ್ಟಿಯನ್ನು ಅವರವರ ಕೈಗೆ ಕೊಟ್ಟೇ ಹೋದವು. ಹಾಗಾಗಿ ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು, ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ ಹಾಡುಗಳನ್ನು ಚಂದಾ ಮುಗಿದ ದಿನವೇ ಬೂದು ಬಣ್ಣಕ್ಕೆ ತಿರುಗಿಸಿ ಕೇಳಲಾಗದಂತೆ ಮಾಡಿದ ಒಂದು ಆ್ಯಪ್ ಮೇಲೆ. ಹೆಸರು ಬೇಡ ಬಿಡಿ.

ಪಾಡ್‌ಕಾಸ್ಟ್ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಒಳಗಡೆ ಅದು ತೀರಾ ಸರಳ. ಒಂದು ಎಂಪಿ3 ಫೈಲು, ಆ ಫೈಲು ಎಲ್ಲಿದೆ ಅಂತ ಹೇಳುವ ಒಂದು ಆರ್‌ಎಸ್‌ಎಸ್ ಫೀಡು. ಅಷ್ಟೇ. ಫೀಡಿನೊಳಗೆ ಆಡಿಯೊ ಫೈಲಿನ ವಿಳಾಸ ಇಡುವ ಏರ್ಪಾಡು ಆರ್‌ಎಸ್‌ಎಸ್ ರೂಪಿಸಿದವರಲ್ಲಿ ಒಬ್ಬರಾದ ಡೇವ್ ವೈನರ್ ಕಾಲದ್ದು, 2000ದ ಆಸುಪಾಸಿನದು. 2005ರಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದ ಮೇಲೆ ಊರಿಗೆಲ್ಲ ಗೊತ್ತಾಯಿತು. ಬುಡ ಇವತ್ತಿಗೂ ಅದೇ. ಕೇಳುವ ಆ್ಯಪ್ ಬೇಸರವಾದರೆ ಚಂದಾ ಪಟ್ಟಿಯನ್ನು ಒಪಿಎಂಎಲ್ ಫೈಲಾಗಿ ತೆಗೆದು ಇನ್ನೊಂದು ಆ್ಯಪ್‌ಗೆ ಹಾಕಿದರೆ ಮುಗಿಯಿತು. ಐದು ನಿಮಿಷದ ಕೆಲಸ.

ನಾನು ಬಳಸುವುದು ಆಂಟೆನಾಪಾಡ್. ಆಂಡ್ರಾಯ್ಡ್‌ಗೆ ಮಾತ್ರ ಇದೆ. ಉಚಿತ, ಓಪನ್ ಸೋರ್ಸ್, ಜಾಹೀರಾತಿಲ್ಲ, ಲಾಗಿನ್ ಕೂಡ ಕೇಳುವುದಿಲ್ಲ. ರಾತ್ರಿ ಮನೆಯ ವೈಫೈನಲ್ಲಿ ಹೊಸ ಕಂತುಗಳು ತಾವಾಗಿ ಇಳಿಯುತ್ತವೆ, ಕೇಳಿ ಮುಗಿಸಿದ್ದು ತಾನಾಗಿ ಅಳಿಯುತ್ತದೆ. ಡೌನ್‌ಲೋಡ್ ಯಾಕೆ, ಈಗ ಎಲ್ಲ ಕಡೆ ನೆಟ್ ಇದೆಯಲ್ಲ ಅನ್ನುವವರು ಒಮ್ಮೆ ಬೆಂಗಳೂರಿನಿಂದ ಪುತ್ತೂರಿಗೆ ಬಸ್ಸಿನಲ್ಲಿ ಬರಬೇಕು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಸಿಗ್ನಲ್ ಬಂದು ಹೋಗಿ ಆಟ ಆಡುತ್ತದೆ. ಅಮಿತ್ ವರ್ಮಾ ಅವರ 'ದ ಸೀನ್ ಆ್ಯಂಡ್ ದಿ ಅನ್‌ಸೀನ್' ಕಂತುಗಳು ಗಂಟೆಗಟ್ಟಲೆ ಇರುತ್ತವೆ. ಫೈಲು ಫೋನಿನಲ್ಲೇ ಇದ್ದರೆ ಗುಂಡ್ಯದವರೆಗೂ ಒಂದೇ ಓಟ.

ಕನ್ನಡದಲ್ಲಿ ಒಂದು ತಕರಾರು ಇದೆ. 'ತಲೆ-ಹರಟೆ'ಯಂಥವು ಸರಿಯಾದ ಪಾಡ್‌ಕಾಸ್ಟ್‌ಗಳು, ಯಾವ ಆ್ಯಪ್‌ನಲ್ಲಾದರೂ ಸಿಗುತ್ತವೆ. ಆದರೆ ಈಗ ಪಾಡ್‌ಕಾಸ್ಟ್ ಅಂತ ಕರೆಸಿಕೊಳ್ಳುವ ಬಹಳಷ್ಟು ಕಾರ್ಯಕ್ರಮಗಳು ಬರೀ ಯೂಟ್ಯೂಬ್ ವಿಡಿಯೊ. ಎರಡು ಕುರ್ಚಿ, ಎರಡು ದೊಡ್ಡ ಮೈಕು, ಹಿಂದೆ ನೇರಳೆ ಲೈಟು. ಮಾತು ಚೆನ್ನಾಗೇ ಇರುತ್ತದೆ. ಆದರೆ ಫೀಡಿಲ್ಲ. ಪಾತ್ರೆ ತೊಳೆಯುತ್ತಾ ಸ್ಕ್ರೀನ್ ಆಫ್ ಮಾಡಿ ಕೇಳೋಣ ಅಂದರೆ ಪ್ರೀಮಿಯಂ ಚಂದಾ ಬೇಕು. ಅಷ್ಟು ಕಷ್ಟಪಟ್ಟು ರೆಕಾರ್ಡ್ ಮಾಡಿದವರು ಆ ಆಡಿಯೊವನ್ನೇ ಒಂದು ಫೀಡಿಗೂ ಹಾಕಬಾರದಾ? ಸದ್ಯಕ್ಕೆ ನಾನು ಮಾಡುವುದು ಇಷ್ಟು. ಪ್ರತಿ ಯೂಟ್ಯೂಬ್ ಚಾನೆಲ್‌ಗೂ ಹಿಂದುಗಡೆ ಒಂದು ಆರ್‌ಎಸ್‌ಎಸ್ ಫೀಡ್ ಇರುತ್ತದೆ, ಇತ್ತೀಚಿನ 15 ವಿಡಿಯೊಗಳದ್ದು. ಅದನ್ನು 'ಫೀಡರ್' ಅನ್ನುವ ಆ್ಯಪ್‌ಗೆ ಹಾಕಿದ್ದೇನೆ. ಹೊಸದು ಬಂದರೆ ಶೀರ್ಷಿಕೆ ಕಾಣುತ್ತದೆ, ಬೇಕಾದ್ದನ್ನು ಮಾತ್ರ ತೆರೆಯುತ್ತೇನೆ. ಯೂಟ್ಯೂಬ್ ಮುಖಪುಟಕ್ಕೆ ಕಾಲಿಟ್ಟರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

ಇನ್ನು ಈ ಸೆಟಪ್‌ನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ವಿಷಯ. ಆಂಟೆನಾಪಾಡ್‌ನಲ್ಲಿ ಫೋನಿನ ಒಂದು ಫೋಲ್ಡರನ್ನೇ ಪಾಡ್‌ಕಾಸ್ಟ್ ಆಗಿ ಸೇರಿಸಬಹುದು. ಒಳಗಿನ ಒಂದೊಂದು ಫೈಲೂ ಒಂದೊಂದು ಕಂತು. ಎಲ್ಲಿ ನಿಲ್ಲಿಸಿದಿರೋ ಅಲ್ಲಿಂದಲೇ ಮುಂದುವರಿಯುತ್ತದೆ. ಇದು ಗೊತ್ತಾದ ದಿನ ನನಗೆ ನೆನಪಾದದ್ದು ಊರಿನ ಮನೆಯ ಕಪಾಟಿನಲ್ಲಿದ್ದ ಅಪ್ಪನ ಕ್ಯಾಸೆಟ್‌ಗಳು.

ಅಪ್ಪನಿಗೆ ತಾಳಮದ್ದಳೆ ಹುಚ್ಚು. ಎಲ್ಲಿ ಕೂಟ ಇದ್ದರೂ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಸ್ಪೀಕರ್ ಪೆಟ್ಟಿಗೆಯ ಎದುರು ಇಡುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ದೊಡ್ಡ ಸಾಮಗರ (ಮಲ್ಪೆ ಶಂಕರನಾರಾಯಣ ಸಾಮಗರ) ಮಾತುಗಾರಿಕೆ, ಹೆಸರೇ ಬರೆಯದ ಊರಿನ ಕೂಟಗಳು. ಯಕ್ಷಗಾನಕ್ಕೆ ವೇಷ, ಕುಣಿತ ಇದೆ. ತಾಳಮದ್ದಳೆಯಲ್ಲಿ ಅದ್ಯಾವುದೂ ಇಲ್ಲ. ಭಾಗವತರು ಹಾಡುವ ಪದ, ಚೆಂಡೆ ಮದ್ದಳೆ, ಆಮೇಲೆ ಅರ್ಥಧಾರಿಗಳು, ಅಂದರೆ ಪಾತ್ರಗಳಾಗಿ ಮಾತಾಡುವವರು, ಕೂತಲ್ಲೇ ಹೊಸೆಯುವ ಮಾತು. ಕಿವಿಗೆಂದೇ ಇರುವ ಕಲೆ. ಪಾಡ್‌ಕಾಸ್ಟ್‌ಗೆ ಇದಕ್ಕಿಂತ ಹೊಂದುವ ಸರಕು ಇನ್ನೇನಿದೆ?

ಕರಾವಳಿಯ ಮಳೆಗಾಲ ಕ್ಯಾಸೆಟ್‌ಗೆ ಶತ್ರು. ರೀಲಿನ ಮೇಲೆ ಬಿಳಿ ಬೂಸ್ಟು ಬಂದಿರುತ್ತದೆ. ಅಂಥದ್ದನ್ನು ನೇರವಾಗಿ ಒಳ್ಳೆಯ ಪ್ಲೇಯರಿಗೆ ಹಾಕಬಾರದು, ಬೂಸ್ಟು ಟೇಪ್ ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಕೆಲವು ದಿನ ಮುಚ್ಚಿಟ್ಟು, ಒಂದು ಗುಜರಿ ಪ್ಲೇಯರಿನಲ್ಲಿ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸುತ್ತೇನೆ. ಮೂಗಿಗೆ ಮಾಸ್ಕ್ ಇರಲಿ.

ಪ್ಲೇಯರ್ ಮನೆಯ ಹಳೆಯ ಟೂ-ಇನ್-ವನ್ನೇ, ರೇಡಿಯೊ ಕ್ಯಾಸೆಟ್ ಎರಡೂ ಇರುವಂಥದ್ದು. ಬೆಲ್ಟು ಸಡಿಲಾಗಿ ಎಲ್ಲರ ಸ್ವರವೂ ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ ಹೊಸ ಬೆಲ್ಟು ಹಾಕಿಸಿದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಬೇಕು. ಹೆಡ್ಡಿನ ಪಕ್ಕ ಒಂದು ಚಿಕ್ಕ ಸ್ಕ್ರೂ ಇರುತ್ತದೆ, ಅದೇ ಮುಖ್ಯ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದರೆ ಮುಚ್ಚಿಹೋದ ಸ್ವರ ಒಂದು ಜಾಗದಲ್ಲಿ ಪಟ್ಟನೆ ಬಿಚ್ಚಿಕೊಳ್ಳುತ್ತದೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಯಾವ ಕೋನದಲ್ಲಿತ್ತೋ ಅದೇ ಕೋನ ಸಿಕ್ಕಿತು ಅಂತ ಅರ್ಥ. ಯಾವ ಸಾಫ್ಟ್‌ವೇರೂ ಇಷ್ಟು ಮಾಡಿಕೊಡುವುದಿಲ್ಲ.

ಹೆಡ್‌ಫೋನ್ ತೂತಿನಿಂದ ಒಂದು ವಯರು, ಅದಕ್ಕೊಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡು, ಅಲ್ಲಿಂದ ಲ್ಯಾಪ್‌ಟಾಪು. ರೆಕಾರ್ಡಿಂಗ್‌ಗೆ ಆಡಾಸಿಟಿ ಅನ್ನುವ ಸಾಫ್ಟ್‌ವೇರ್. 90 ನಿಮಿಷದ ಕ್ಯಾಸೆಟ್‌ಗೆ 90 ನಿಮಿಷವೇ ಬೇಕು, ಅವಸರ ನಡೆಯುವುದಿಲ್ಲ. ರೆಕಾರ್ಡಿಂಗಿನ ಸದ್ದಿನ ಲೆವೆಲ್ ಇಡುವಾಗ ಮಾತು ನೋಡಿ ಇಡಬೇಡಿ, ಚೆಂಡೆ ನೋಡಿ ಇಡಿ. ಮಾತಿಗೆ ಸರಿ ಅನಿಸಿದ ಲೆವೆಲ್‌ನಲ್ಲಿ ಏರುಪದಕ್ಕೆ ಚೆಂಡೆ ಬಿದ್ದರೆ ಸದ್ದು ಒಡೆದು ಹೋಗುತ್ತದೆ, ಒಡೆದದ್ದನ್ನು ಆಮೇಲೆ ಕೂಡಿಸಲಾಗದು. ಚೆಂಡೆಯ ಅತಿ ಜೋರಿನ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟುಕೊಳ್ಳುತ್ತೇನೆ.

ಗೊರಗೊರ ಸದ್ದು ತೆಗೆಯುವ 'ನಾಯ್ಸ್ ರಿಡಕ್ಷನ್' ಬಗ್ಗೆ ಒಂದು ಮಾತು. ಸದ್ದಿನ ಮಾದರಿಯನ್ನು ಕೂಟ ಶುರುವಾಗುವ ಮುಂಚಿನ ಖಾಲಿ ಭಾಗದಿಂದಲೇ ಆರಿಸಬೇಕು. ಹಿಂದೆ ಶ್ರುತಿ ಹಿಡಿದಿರುವ ಜಾಗ ಆರಿಸಿದರೆ, ಅದೂ ಒಂದೇ ಸಮ ಇರುವ ಸದ್ದಲ್ಲವೇ, ಸಾಫ್ಟ್‌ವೇರ್ ಶ್ರುತಿಯನ್ನೇ ನುಂಗಿಬಿಡುತ್ತದೆ. ಜಾಸ್ತಿ ತೆಗೆದರೆ ಮಾತು ನೀರೊಳಗಿಂದ ಬಂದಂತಾಗುತ್ತದೆ. ನಾನಂತೂ ಸ್ವಲ್ಪ ಗೊರಗೊರ ಉಳಿಸುತ್ತೇನೆ. ಮಳೆಯ ಸದ್ದು, ಯಾರೋ ಕೆಮ್ಮಿದ್ದು, ಅರ್ಥಧಾರಿಯ ಮಾತಿನ ಮಧ್ಯೆ ಜನ ನಕ್ಕಿದ್ದು, ಇವೆಲ್ಲ ಇರಲಿ.

ಮೂಲವನ್ನು ಏನೂ ತಿದ್ದದೆ, ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲಾಗಿ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಡುತ್ತೇನೆ. ಕೇಳಲಿಕ್ಕೆ ಮೋನೊ ಎಂಪಿ3, 64 ಕೆಬಿಪಿಎಸ್ ಸಾಕು. ಆ ಲೆಕ್ಕದಲ್ಲಿ ಒಂದು ಗಂಟೆಗೆ 29 ಎಂಬಿ ಕೂಡ ಆಗುವುದಿಲ್ಲ. ಹಳೆಯ ಕ್ಯಾಸೆಟ್‌ನ ಮಾತಿಗೆ 320 ಕೆಬಿಪಿಎಸ್ ಇಡುವುದು ಸುಮ್ನೆ ಜಾಗ ದಂಡ. ಒಂದೊಂದು ಪ್ರಸಂಗಕ್ಕೆ ಒಂದೊಂದು ಫೋಲ್ಡರ್. ಕ್ಯಾಸೆಟ್ ಚೀಟಿಯ ಮೇಲಿನ ಅಪ್ಪನ ಅಕ್ಷರದ ಫೋಟೊ ತೆಗೆದು ಅದಕ್ಕೆ ಫೋಲ್ಡರ್.ಜೆಪಿಜಿ ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟು ಒಳಗೆ ಹಾಕಿದರೆ ಆಂಟೆನಾಪಾಡ್ ಅದನ್ನೇ ಮುಖಚಿತ್ರ ಮಾಡಿಕೊಳ್ಳುತ್ತದೆ.

ಕೇಳುವ ವೇಗದ ಬಗ್ಗೆ ಜನರಲ್ಲಿ ಎರಡು ಪಂಗಡ. ನಾನು ಎರಡರಲ್ಲೂ ಇದ್ದೇನೆ. ಟೆಕ್ ಸುದ್ದಿಯ ಪಾಡ್‌ಕಾಸ್ಟ್‌ಗೆ 1.4ರ ವೇಗ, ಶುರುವಿನ ಜಾಹೀರಾತು ತಾನಾಗಿ ಹಾರಿಹೋಗುವ ಸೆಟ್ಟಿಂಗು, ಮೌನ ಕತ್ತರಿಸುವ ಸೆಟ್ಟಿಂಗು, ಎಲ್ಲ ಇದೆ. ತಾಳಮದ್ದಳೆ ಫೋಲ್ಡರಿಗೆ ಅವೆಲ್ಲ ಬಂದ್. ಎದುರಾಳಿಯ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಶೇಣಿಯವರು ಒಂದು ಕ್ಷಣ ಸುಮ್ಮನಿರುತ್ತಾರೆ. ಅದನ್ನು ಕತ್ತರಿಸಿದರೆ ಉತ್ತರದ ಅರ್ಧ ಹೋಯಿತು. ಒಂದೊಂದು ಪಾಡ್‌ಕಾಸ್ಟ್‌ಗೂ ಬೇರೆ ಬೇರೆ ವೇಗ ಇಡಲು ಆಗುತ್ತದೆ ಅನ್ನುವುದಕ್ಕೇ ಈ ಆ್ಯಪ್‌ಗೆ ನನ್ನ ಪೂರ್ತಿ ಅಂಕ.

ಅಮ್ಮನಿಗೆ ಫೋನಿನ ಗೊಡವೆ ಬೇಡ. "ಒತ್ತಿದರೆ ಮಾತಾಡಬೇಕು, ಇನ್ನೊಮ್ಮೆ ಒತ್ತಿದರೆ ಸುಮ್ಮನಾಗಬೇಕು, ಅಷ್ಟು ಮಾಡಿಕೊಡು ಮಾರಾಯ" ಅಂದರು. ಸ್ಮಾರ್ಟ್ ಸ್ಪೀಕರ್ ತರೋಣ ಅಂದರೆ ಅಲೆಕ್ಸಾಗೆ ಕನ್ನಡ ಬರುವುದಿಲ್ಲ, ಅಮ್ಮನಿಗೆ ಅಲೆಕ್ಸಾದ ಭಾಷೆ ಬರುವುದಿಲ್ಲ. ಕೊನೆಗೆ ತಂದದ್ದು ಪೇಟೆಯಲ್ಲಿ ಸಿಗುವ, ಪೆನ್‌ಡ್ರೈವ್ ಚುಚ್ಚುವ ಸಣ್ಣ ಸ್ಪೀಕರು. ಎಫ್‌ಎಂ ಕೂಡ ಇದೆ. ನನ್ನ ಪ್ರಕಾರ ನಮ್ಮ ದೇಶದ ಅತ್ಯುತ್ತಮ ಗ್ಯಾಜೆಟ್‌ಗಳಲ್ಲಿ ಇದೂ ಒಂದು, ಯಾವ ರಿವ್ಯೂದವರೂ ಇದನ್ನು ಮುಟ್ಟುವುದಿಲ್ಲ.

ಇದರಲ್ಲಿ ಒಂದು ಗುಟ್ಟಿದೆ. ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿರಬೇಕು, ಬೇರೆಯದನ್ನು ಇಂಥ ಸ್ಪೀಕರ್‌ಗಳು ಬಹಳ ಸಲ ಓದುವುದೇ ಇಲ್ಲ. ಫೈಲಿಗೆ 01, 02 ಅಂತ ಹೆಸರಿಟ್ಟ ಮಾತ್ರಕ್ಕೆ ಆ ಸಾಲಿನಲ್ಲೇ ನುಡಿಯುತ್ತದೆ ಅಂತಿಲ್ಲ. ಅಗ್ಗದ ಸ್ಪೀಕರುಗಳಲ್ಲಿ ಹೆಚ್ಚಿನವು ಹೆಸರು ನೋಡುವುದಿಲ್ಲ, ಯಾವ ಫೈಲು ಮೊದಲು ಕಾಪಿ ಆಯಿತೋ ಅದನ್ನು ಮೊದಲು ನುಡಿಸುತ್ತವೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿದರೆ ವಾಲಿ ಸತ್ತ ಮೇಲೆ ಸುಗ್ರೀವ ಅವನನ್ನು ಯುದ್ಧಕ್ಕೆ ಕರೆಯುತ್ತಾನೆ. ಒಂದೊಂದಾಗಿ ಸಾಲಾಗಿ ಕಾಪಿ ಮಾಡಬೇಕು, ಇಲ್ಲವೇ ಫ್ಯಾಟ್‌ಸಾರ್ಟ್ ಅನ್ನುವ ಪುಟ್ಟ ಸಾಧನ ಓಡಿಸಬೇಕು.

ಉಳಿದ ಗ್ಯಾಜೆಟ್‌ಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಬ್ಲೂಟೂತ್ ಇಯರ್‌ಬಡ್ ಅನುಕೂಲವೇ, ಆದರೆ ಅಷ್ಟು ಸಣ್ಣ ಬ್ಯಾಟರಿ ಸೋತರೆ ಬದಲಾಯಿಸುವ ದಾರಿ ಇಲ್ಲ. ನನ್ನ ಎಡಗಿವಿಯದ್ದು ಬಲಗಿವಿಗಿಂತ ಮೊದಲೇ ಮಲಗುತ್ತಿತ್ತು. ಈಗ ಟೈಪ್-ಸಿ ವಯರಿನ ಇಯರ್‌ಫೋನು. ಸ್ಮಾರ್ಟ್‌ವಾಚ್ ಯಾರಾದರೂ ಕೊಟ್ಟರೆ ಕಟ್ಟಿಕೊಳ್ಳುತ್ತೇನೆ. ಮಾತನ್ನು ಅಕ್ಷರ ಮಾಡುವ ವಿಸ್ಪರ್‌ಗೆ ಒಂದು ಕೂಟವನ್ನು ಉಣಿಸಿ ನೋಡಿದೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಸಂಸ್ಕೃತ ಶ್ಲೋಕ, ಹಳೆಯ ಪದ, ಕರಾವಳಿಯ ಧಾಟಿ ಎಲ್ಲ ಸೇರಿದಾಗ ಬಂದದ್ದು ಯಾವ ಭಾಷೆ ಅಂತ ವಿಸ್ಪರ್ ಕೂಡ ಹೇಳಲಾರದು. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಮಾದರಿಗಳನ್ನು ಇನ್ನು ನೋಡಬೇಕು.

ಇದನ್ನೆಲ್ಲ ಯೂಟ್ಯೂಬ್‌ಗೆ ಏರಿಸು ಅಂತ ನೆಂಟರು ಹೇಳುತ್ತಲೇ ಇರುತ್ತಾರೆ. ನಾನು ಏರಿಸಿಲ್ಲ. ಅಪ್ಪ ರೆಕಾರ್ಡ್ ಮಾಡಿಕೊಂಡದ್ದು ಮನೆಯಲ್ಲಿ ಕೇಳಲಿಕ್ಕೆ. ಕಲಾವಿದರ ಹಕ್ಕು ನಮ್ಮ ಕಾನೂನಿನಲ್ಲಿ 50 ವರ್ಷ ಇದೆ. ಅವರ ಮನೆಯವರನ್ನು ಕೇಳದೆ ಜಗತ್ತಿಗೆ ಹಂಚುವುದು ನನಗೆ ಸರಿ ಕಾಣುವುದಿಲ್ಲ. ಮನೆಗೆ ಬಂದು ಕೇಳುತ್ತೇನೆ ಅಂದವರಿಗೆ ಕಾಫಿ ಸಮೇತ ಕೇಳಿಸುತ್ತೇನೆ. ಕಳೆದ ವಾರ ಮಾವ ಫೋನ್ ಮಾಡಿ, ನಮ್ಮನೆಗೂ ಅಮ್ಮನದ್ದರಂಥದ್ದೇ ಒಂದು ಸ್ಪೀಕರು ತಾ, ಪೆನ್‌ಡ್ರೈವ್ 32 ಜಿಬಿ ಸಾಕಾ ಅಂತ ಕೇಳಿದರು. ಸಾವಿರ ಗಂಟೆ ಹಿಡಿಯುತ್ತದೆ ಮಾವ ಅಂದೆ. "ಹಾಗಾದರೆ 64 ಜಿಬಿದು ತಾ" ಅಂದರು.