ತರಗು, ಟೀ ಅಂಗಡಿ ಮತ್ತು ನಾನು ಬಾಯಿಪಾಠ ಮಾಡಿದ್ದ ಸಂವಹನ ಸಿದ್ಧಾಂತಗಳು

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎ ಓದುವಾಗ ಸಂವಹನ ಸಿದ್ಧಾಂತಗಳ ಪೇಪರ್ ಅಂದ್ರೆ ನನಗೆ ಇಷ್ಟ. ಬರೆಯುವುದು ಕಡಿಮೆ, ಚಿತ್ರ ಜಾಸ್ತಿ. ಎಡಗಡೆ ಒಂದು ಡಬ್ಬಿ, ಅದರೊಳಗೆ 'ಕಳಿಸುವವನು'. ಬಲಗಡೆ ಇನ್ನೊಂದು, 'ಪಡೆಯುವವನು'. ನಡುವೆ ಒಂದು ಬಾಣ. ಬಾಣಕ್ಕೆ ಅಡ್ಡ ಮಿಂಚಿನ ಥರ ಒಂದು ಗೀಟು, ಅದು 'ಗದ್ದಲ'. ಸ್ಕೇಲಿಟ್ಟು ನೀಟಾಗಿ ಎಳೆದರೆ ಮಾರ್ಕ್ಸ್ ಗ್ಯಾರಂಟಿ.

ಓದು ಮುಗಿದ ಮೇಲೆ ಮಂಡ್ಯದಲ್ಲಿ ರೈತರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ಸೇರಿದೆ. ಮೊದಲು ವಹಿಸಿದ ಕೆಲಸ: ವಿಶ್ವೇಶ್ವರಯ್ಯ ನಾಲೆ ಬಯಲಿನ ಒಂದು ಊರಿನಲ್ಲಿ ಕಬ್ಬಿನ ತರಗಿಗೆ ಬೆಂಕಿ ಹಾಕುವುದನ್ನು ಬಿಡಿಸಬೇಕು. ಕಬ್ಬು ಕಡಿದು ಲಾರಿ ಹೋದ ಮೇಲೆ ಗದ್ದೆ ತುಂಬ ಒಣ ಸೋಗೆ ಬಿದ್ದಿರುತ್ತದೆ. ಎಕರೆಗೆ ಮೂರು, ನಾಲ್ಕು ಟನ್ ಆಗಬಹುದು. ಒಂದು ಕಡ್ಡಿ ಗೀರಿದರೆ ನೋಡನೋಡುತ್ತ ನೆಲ ಸಾಫ್. ಸುಡದೆ ಹಾಗೇ ಹೊದಿಸಿದರೆ ಕೂಳೆ ಬೆಳೆಗೆ, ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕಬ್ಬಿಗೆ, ತೇವ ನಿಲ್ಲುತ್ತದೆ, ಕಳೆ ಅಷ್ಟಾಗಿ ಏಳುವುದಿಲ್ಲ. ಮೇಲೆ ಸ್ವಲ್ಪ ಯೂರಿಯಾ, ಕೊಳೆಸುವ ಜೀವಾಣು ಹಾಕಿದರೆ ಕೆಲವು ತಿಂಗಳಲ್ಲಿ ಮಣ್ಣಿಗೇ ಸೇರುತ್ತದೆ. ಎಷ್ಟು ಸುಲಭ, ಅಲ್ವಾ? ಹೋಗಿ ಹೇಳಿಬಂದರೆ ಆಯಿತು ಅಂದುಕೊಂಡೆ.

ಹಾಲಿನ ಡೇರಿ ಮುಂದೆ ಸಭೆ ಇಟ್ಟೆವು. ಶಾಮಿಯಾನ, ಮೈಕು, ಪ್ರೊಜೆಕ್ಟರ್, ಕೊನೆಗೆ ಬೋಂಡ, ಕಾಫಿ. 'ಸಾವಯವ ಇಂಗಾಲ' (ಕೊಳೆತ ಸೊಪ್ಪು-ಕಸದಿಂದ ಮಣ್ಣಿಗೆ ಸೇರುವ ಸತ್ವ) ಅನ್ನುವ ಪದವನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಎಲ್ಲರೂ ತಲೆಯಾಡಿಸಿದರು. 'ಒಳ್ಳೆ ಮಾಯ್ತಿ ಸಾ' ಎಂದು ಹೊಗಳಿದರು. ಮೂರನೇ ದಿನ ಸಂಜೆ ಬೈಕಿನಲ್ಲಿ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ದೂರದಿಂದಲೇ ಹೊಗೆ ಕಂಡಿತು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ತಲೆಯಾಡಿಸಿದ್ದವರ ಗದ್ದೆಯದು.

ಅವತ್ತು ರಾತ್ರಿ ರೂಮಿಗೆ ಬಂದು ಹಳೇ ನೋಟ್ಸ್ ತೆಗೆದೆ. ಪಾಸಾದ ಮೇಲೆ ಅದನ್ನು ಮುಟ್ಟಿದ್ದು ಅದೇ ಮೊದಲು.

ಡಬ್ಬಿ-ಬಾಣದ ಚಿತ್ರದ ಮೂಲ ಕ್ಲಾಡ್ ಶ್ಯಾನನ್. ಬೆಲ್ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿದ್ದವರು. 1948ರಲ್ಲಿ ಅವರು ಕೇಳಿಕೊಂಡ ಪ್ರಶ್ನೆ, ಒಂದು ಕಡೆಯಿಂದ ಹೊರಟ ಸಂಕೇತವನ್ನು ಇನ್ನೊಂದು ಕಡೆ ಕೆಡದಂತೆ ಮುಟ್ಟಿಸುವುದು ಹೇಗೆ ಅನ್ನುವುದು. ಮಾತಿನ ಅರ್ಥ ಏನು ಅನ್ನುವುದು ಎಂಜಿನಿಯರ್‌ಗೆ ಸಂಬಂಧಿಸಿದ್ದಲ್ಲ ಎಂದು ಅವರೇ ಬರೆದಿದ್ದಾರೆ. ಮರುವರ್ಷ ವಾರನ್ ವೀವರ್ ಅದನ್ನು ಮನುಷ್ಯರ ಮಾತಿಗೂ ಹಿಗ್ಗಿಸಿದರು. ನಾವೋ, ಗಂಡ-ಹೆಂಡತಿ ಜಗಳದಿಂದ ಚುನಾವಣೆ ಭಾಷಣದವರೆಗೆ ಎಲ್ಲಕ್ಕೂ ಅದೇ ಚಿತ್ರ ಬರೆದೆವು. ನನ್ನ ಸಭೆಯಲ್ಲಿ ತಂತಿ ಸರಿಯಾಗೇ ಇತ್ತು. ಮೈಕ್ ಕೂಡ ಒಂದು ಸಲ ಕುಂಯ್ ಅನ್ನಲಿಲ್ಲ. ಶ್ಯಾನನ್ ಲೆಕ್ಕದಲ್ಲಿ ನಾನು ಫಸ್ಟ್ ಕ್ಲಾಸ್.

ಕಣ್ಣು ತೆರೆಸಿದ್ದು ವಿಲ್ಬರ್ ಶ್ರಾಮ್. 1954ರ ಅವರ ಚಿತ್ರದಲ್ಲಿ ಇಬ್ಬರ ಸುತ್ತಲೂ ಅವರವರ ಅನುಭವದ ವೃತ್ತವಿದೆ. ಎರಡು ವೃತ್ತ ಎಲ್ಲಿ ಒಂದರ ಮೇಲೊಂದು ಬೀಳುತ್ತವೋ ಅಷ್ಟೇ ಜಾಗದಲ್ಲಿ ಮಾತು ದಾಟುತ್ತದೆ. ನನ್ನ ಇಂಗಾಲ ಅವರ ವೃತ್ತದಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ಬೂದಿ. 'ಬೂದಿ ಒಳ್ಳೇದಲ್ವಾ ಸಾ? ನಮ್ಮಪ್ಪನ ಕಾಲ್ದಿಂದ ಒಲೆ ಬೂದಿ ತಿಪ್ಪೆಗೆ ಹಾಕ್ಕ ಬಂದೀವಿ' ಎಂದು ಆಮೇಲೊಬ್ಬರು ಹೇಳಿದರು. ಬೂದಿಯಲ್ಲಿ ಪೊಟ್ಯಾಷ್ ಇರುವುದು ನಿಜವೇ. ಅವರ ಪ್ರಕಾರ ತರಗು ಸುಡುವುದೆಂದರೆ ಗೊಬ್ಬರ ಮಾಡುವುದು. ನಾನು ಗೊಬ್ಬರ ಹಾಳಾಗುತ್ತದೆ ಅನ್ನುತ್ತಿದ್ದೆ.

ಇದೇ ಥರದ ಕಥೆ ಪೆರು ದೇಶದ್ದೊಂದಿದೆ. ಲಾಸ್ ಮೊಲಿನೋಸ್ ಎಂಬ ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬಳು ನೀರು ಕಾಯಿಸಿ ಕುಡಿಯಿರಿ ಎಂದು ಎರಡು ವರ್ಷ ಮನೆಮನೆ ತಿರುಗಿದಳು. 200 ಮನೆಗಳಲ್ಲಿ ಒಪ್ಪಿದ್ದು 11 ಮಾತ್ರ. ಆ ಊರಿನಲ್ಲಿ ಕಾಯಿಸಿದ ನೀರು ಅಂದರೆ ಕಾಯಿಲೆಯವರು ಕುಡಿಯುವ ನೀರು. ಆರೋಗ್ಯವಾಗಿರುವವರು ಯಾಕೆ ಕುಡಿಯಬೇಕು? ಸಂವಹನದ ಪಾಠ ಮಾಡುವವರು ಈ ಕಥೆ ಹೇಳದೇ ಇರುವುದಿಲ್ಲ. ನಾನೂ ಕೇಳಿದ್ದೆ, ನಕ್ಕಿದ್ದೆ.

ಇನ್ನು ಆ ತಲೆಯಾಡಿಸುವಿಕೆ. ಸಭೆಯ ಫೋಟೊಗಳನ್ನು ಮತ್ತೆ ನೋಡಿದೆ. ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಜಾಸ್ತಿ ಜಮೀನಿರುವವರು. ಹಿಂದೆ ಜಗಲಿ ಮೇಲೆ ಒಂದೆಕರೆ, ಅರ್ಧ ಎಕರೆಯವರು. ಇನ್ನೂ ಹಿಂದೆ, ಡೇರಿ ಗೋಡೆಗೆ ಒರಗಿ ಮೂರು ಹೆಂಗಸರು. ಪೌಲ್ ವಾಟ್ಸ್‌ಲಾವಿಕ್ ಮತ್ತು ಸಂಗಡಿಗರು 1967ರಲ್ಲಿ ಹೇಳಿದ್ದು ಇದೇ: ಏನನ್ನೂ ತಿಳಿಸದೇ ಇರುವುದು ಮನುಷ್ಯನಿಗೆ ಆಗದ ಕೆಲಸ, ಸುಮ್ನೆ ಕೂತರೂ ಅದು ಏನೋ ಹೇಳುತ್ತದೆ. ನನ್ನ ಕುರ್ಚಿಗಳು ನನಗಿಂತ ಮೊದಲೇ ಮಾತಾಡಿಬಿಟ್ಟಿದ್ದವು. ಜರ್ಮನಿಯ ಎಲಿಜಬೆತ್ ನೊಯೆಲ್-ನ್ಯೂಮನ್ ಅವರ 1974ರ ಮೌನದ ಸುರುಳಿಯೂ ಅಲ್ಲೇ ಇತ್ತು. ತನ್ನ ಅಭಿಪ್ರಾಯಕ್ಕೆ ಜನ ಇಲ್ಲ ಅನ್ನಿಸಿದವರು ಒಂಟಿಯಾಗುವ ಭಯಕ್ಕೆ ಬಾಯಿ ಮುಚ್ಚುತ್ತಾರೆ, ಅದನ್ನು ನೋಡಿ ಇನ್ನೊಬ್ಬರು. ಕುರ್ಚಿಯವರು 'ಹೌದು' ಅಂದ ಮೇಲೆ ಜಗಲಿಯವರು 'ಆಗಲ್ಲ' ಅನ್ನುವುದುಂಟೇ?

ಸಭೆ ಮಾಡುವುದನ್ನು ಬಿಟ್ಟೆ. ಬೆಳಿಗ್ಗೆ ಆರೂವರೆಗೆ ಟೀ ಅಂಗಡಿಗೆ ಹೋಗಿ ಕೂರಲು ಶುರು ಮಾಡಿದೆ. ಮೊದಲ ವಾರ ತರಗಿನ ಮಾತೇ ಎತ್ತಲಿಲ್ಲ. ಅಲ್ಲಿ ಪೇಪರ್ ಬಂದ ತಕ್ಷಣ ಎಲ್ಲರೂ ನೋಡುವುದು ಒಂದೇ: ಕನ್ನಂಬಾಡಿ ಎಷ್ಟು ಅಡಿ? 124.80 ತುಂಬಿದರೆ ಹಬ್ಬ, ಇಳಿಯುತ್ತಾ ಹೋದರೆ ಅದೇ ಚರ್ಚೆ ಹತ್ತು ಗಂಟೆವರೆಗೆ. ಮೆಕಾಂಬ್ಸ್ ಮತ್ತು ಶಾ 1968ರ ಅಮೆರಿಕದ ಚುನಾವಣೆ ಹೊತ್ತಿನಲ್ಲಿ ಚಾಪೆಲ್ ಹಿಲ್‌ನ 100 ಮತದಾರರನ್ನು ಮಾತಾಡಿಸಿ ಕಂಡುಕೊಂಡದ್ದು ನೆನಪಾಯಿತು. ಪೇಪರ್, ಟೀವಿ ಯಾವುದಕ್ಕೆ ಜಾಸ್ತಿ ಜಾಗ ಕೊಡುತ್ತವೋ ಜನಕ್ಕೆ ಅದೇ ದೊಡ್ಡ ವಿಷಯ ಅನ್ನಿಸುತ್ತದೆ. ಅಣೆಕಟ್ಟಿನ ನೀರಿನ ಮಟ್ಟ ದಿನಾ ಅಚ್ಚಾಗುತ್ತದೆ. ತರಗಿನ ಬಗ್ಗೆ ಯಾರು ಅಚ್ಚು ಹಾಕುತ್ತಾರೆ? ಹಾಗಾಗಿ ನಾನೂ ನೀರಿನ ಮಾತಿಗೇ ಸೇರಿಕೊಂಡೆ. ನಾಲೆಗೆ ಒಂದಷ್ಟು ದಿನ ನೀರು ಬಿಟ್ಟು, ಒಂದಷ್ಟು ದಿನ ನಿಲ್ಲಿಸುವುದಕ್ಕೆ ಕಟ್ಟು ಪದ್ಧತಿ ಅನ್ನುತ್ತಾರೆ. 'ಕಟ್ಟು ಪದ್ಧತಿಯಲ್ಲಿ ಮುಂದಿನ ನೀರು ತಡವಾದರೆ ಕೂಳೆ ಏನಾಗುತ್ತೆ?' ಎಂದು ಕೇಳಿದೆ. ಅಷ್ಟೇ. ಉತ್ತರ ಕೇಳಲು ಮೂರು ಟೀ ಬೇಕಾಯಿತು.

ಶಾಮಿಯಾನದ ಕೆಳಗೆ ಬಾರದ ಮಾತೆಲ್ಲ ಈ ಬೆಂಚಿನ ಮೇಲೆ ಬಂತು. 'ತರಗು ಬುಟ್ರೆ ಕಾಲ್ವೇಲಿ ನೀರು ಎಂಗ್ ಹರೀಬೇಕು?' 'ಇಲಿ ಸೇರ್ಕತವೆ, ಇಲಿ ಹಿಂದೆ ಹಾವು.' 'ಕೂಳೆ ಸವರಕ್ಕೆ ಆಳು ಬರಲ್ಲ ಸಾ, ತರಗಲ್ಲಿ ಕಾಲಿಡಲ್ಲ ಅಂತಾರೆ.' ಒಂದೂ ಮೂಢನಂಬಿಕೆ ಅಲ್ಲ. ಎಲ್ಲವೂ ದಿನಾ ಗದ್ದೆಗೆ ಇಳಿಯುವವರ ಲೆಕ್ಕ. ನನ್ನ ಸ್ಲೈಡಿನಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 1940ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಒಹಾಯೊದ ಈರಿ ಕೌಂಟಿಯ ಜನರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೊ, ಪೇಪರ್ ನೇರವಾಗಿ ಮನಸ್ಸು ಬದಲಿಸುತ್ತವೆ ಅಂತಲ್ಲ. ಮೊದಲು ಕೆಲವರಿಗೆ ಮುಟ್ಟುತ್ತದೆ, ಅವರಿಂದ ಉಳಿದವರಿಗೆ. ಎರಡು ಮೆಟ್ಟಿಲು. ಸರಿ, ನಾನು ಊರಿನ ಅತಿ ದೊಡ್ಡ ರೈತರನ್ನು ಹಿಡಿದೆ. ಹನಿ ನೀರಾವರಿ, ಸ್ವಂತ ಟ್ರ್ಯಾಕ್ಟರ್, ಎರಡು ಬೋರು. ಅವರು ಖುಷಿಯಾಗಿ ಒಂದೆಕರೆಗೆ ತರಗು ಹೊದಿಸಿದರು. ಕೂಳೆ ಚೆನ್ನಾಗೇ ಬಂತು. ಒಬ್ಬರೂ ಅನುಸರಿಸಲಿಲ್ಲ. 'ಅವ್ರಿಗೇನ್ ಬುಡಿ ಸಾ' ಅನ್ನುವ ಮೂರು ಪದದಲ್ಲಿ ನನ್ನ ಎರಡು ಮೆಟ್ಟಿಲೂ ಕುಸಿದವು. ಬೇಜಾರೆಂದರೆ, ಅದೇ ಅಧ್ಯಯನ ಮಾತು ಮುಟ್ಟಿಸುವವರು ಎಲ್ಲ ಮಟ್ಟದಲ್ಲೂ ಇರುತ್ತಾರೆ, ತಮ್ಮ ಸುತ್ತಲಿನವರ ಹಾಗೇ ಇರುತ್ತಾರೆ ಎಂದೂ ಹೇಳಿತ್ತು. ಆ ಸಾಲಿನ ಕೆಳಗೆ ನಾನೇ ಗೀಟು ಹಾಕಿಕೊಂಡಿದ್ದೆ.

ಇಲ್ಲಿ ಎವರೆಟ್ ರೋಜರ್ಸ್ ಅವರ ಅಪ್ಪನ ಕಥೆ ಹೇಳಲೇಬೇಕು. ಹೊಸ ಪದ್ಧತಿ ಜನರಲ್ಲಿ ಹರಡುವುದು ಹೇಗೆ ಎಂದು 1962ರಲ್ಲಿ ಸಿದ್ಧಾಂತ ಕೊಟ್ಟ ರೋಜರ್ಸ್ ಅಮೆರಿಕದ ಅಯೊವಾ ರಾಜ್ಯದ ರೈತನ ಮಗ. ಅಪ್ಪನಿಗೆ ಹೊಸ ಯಂತ್ರ ಅಂದರೆ ಪ್ರಾಣ, ಹೈಬ್ರಿಡ್ ಮುಸುಕಿನ ಜೋಳದ ಬೀಜ ಅಂದರೆ ಮಾತ್ರ ಬೇಡ. 1936ರ ಬರದಲ್ಲಿ ಅವರ ಜೋಳ ಬಾಡಿತು, ಪಕ್ಕದವನ ಹೈಬ್ರಿಡ್ ಜೋಳ ನಿಂತಿತು. ಆಮೇಲೆ ಒಪ್ಪಿದರು. ಅದೇ ರಾಜ್ಯದಲ್ಲಿ ರಯಾನ್ ಮತ್ತು ಗ್ರಾಸ್ 259 ರೈತರನ್ನು ಮಾತಾಡಿಸಿ 1943ರಲ್ಲಿ ವರದಿ ಪ್ರಕಟಿಸಿದ್ದರು. 1928ರಿಂದ 1941ರೊಳಗೆ ಇಬ್ಬರನ್ನು ಬಿಟ್ಟು ಎಲ್ಲರೂ ಆ ಬೀಜಕ್ಕೆ ಬದಲಾದರು. ಸುದ್ದಿ ತಂದದ್ದು ಬೀಜ ಮಾರುವವರು, ಮನಸ್ಸು ಒಪ್ಪಿಸಿದ್ದು ನೆರೆಹೊರೆಯವರು. ಅಷ್ಟು ಲಾಭದ ಬೀಜಕ್ಕೇ ಹದಿಮೂರು ವರ್ಷ. ನಾನು ಒಂದು ಬೋಂಡ-ಕಾಫಿಯಲ್ಲಿ ಮುಗಿಸಲು ಹೊರಟಿದ್ದೆ.

ಹೊಸದು ಬೇಗ ಹರಡಲು ರೋಜರ್ಸ್ ಐದು ಗುಣ ಹೇಳುತ್ತಾರೆ: ಲಾಭ ಇರಬೇಕು, ನಮ್ಮ ರೀತಿಗೆ ಹೊಂದಬೇಕು, ಕಷ್ಟ ಇರಬಾರದು, ಸ್ವಲ್ಪ ಮಾಡಿ ನೋಡುವಂತಿರಬೇಕು, ಬೇರೆಯವರ ಕಣ್ಣಿಗೆ ಕಾಣಬೇಕು. ಪರೀಕ್ಷೆಗೆ ಐದನ್ನೂ ಬರೆದಿದ್ದೆ. ಈಗ ಕೊನೆಯ ಎರಡನ್ನೇ ಹಿಡಿದೆ. ನಾಲೆಯ ಕೊನೆಯಲ್ಲಿ, ರಸ್ತೆಗೆ ಅಂಟಿದಂತೆ ಒಂದೂಕಾಲು ಎಕರೆ ಇರುವ ಒಬ್ಬರು ಟೀ ಅಂಗಡಿಯ ಖಾಯಂ ಗಿರಾಕಿ. ನೀರು ಅವರ ಗದ್ದೆಗೆ ಎಲ್ಲರಿಗಿಂತ ತಡ. ಕಾಲುವೆ ಕಟ್ಟಿಕೊಳ್ಳುತ್ತದೆ ಎಂದು ಮೊದಲು ಕೇಳಿದ್ದೂ ಅವರೇ. 'ಹತ್ತು ಗುಂಟೆ ಮಾತ್ರ ಮಾಡಿ' ಅಂದೆ. ತರಗನ್ನು ಸಾಲು ಬಿಟ್ಟು ಸಾಲು ಹಾಕಿದೆವು. ಒಂದರಲ್ಲಿ ತರಗು, ಪಕ್ಕದ್ದು ಖಾಲಿ. ಖಾಲಿ ಸಾಲಿನಲ್ಲಿ ನೀರು ಹರಿಯಿತು. ಅವರ ಮುಖದ ಗಂಟು ಸ್ವಲ್ಪ ಸಡಿಲವಾಯಿತು. ಇಲಿಯ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ.

ಆ ಬೇಸಿಗೆ ನೀರು ತಡವಾಯಿತು. ಮಧ್ಯಾಹ್ನ ಎರಡು ಗಂಟೆಗೆ ನಿಂತು ನೋಡಿದರೆ ಬಯಲೆಲ್ಲ ಕೂಳೆಯ ಗರಿ ಸುರುಳಿ ಸುತ್ತಿಕೊಂಡಿತ್ತು. ಈ ಹತ್ತು ಗುಂಟೆಯಲ್ಲಿ ಮಾತ್ರ ಗರಿ ಬಿಚ್ಚಿಕೊಂಡೇ ಇತ್ತು. ತರಗು ಸರಿಸಿ ಮಣ್ಣು ಹಿಡಿದರೆ ಉಂಡೆ ಕಟ್ಟಬಹುದಿತ್ತು. ನಾನು ಯಾರಿಗೂ ಹೇಳಲಿಲ್ಲ. ರಸ್ತೆಯಲ್ಲಿ ಹೋಗುವ ಬೈಕುಗಳು ನಿಲ್ಲುತ್ತಿದ್ದವು. ಇಳಿದು, ತರಗು ಎತ್ತಿ, ಬೆರಳಿನಿಂದ ಮಣ್ಣು ಒತ್ತಿ ನೋಡಿ ಹೋಗುತ್ತಿದ್ದರು.

ಅಷ್ಟರಲ್ಲೇ ಒಂದು ಗಾಳಿಸುದ್ದಿ ಎದ್ದಿತು. ಪಕ್ಕದೂರಿನಲ್ಲಿ ತರಗು ಬಿಟ್ಟವನ ಕಬ್ಬಿಗೆ ಗೆದ್ದಲು ಹಿಡಿದು ಪೂರ್ತಿ ಒಣಗಿತಂತೆ. ಹೋಗಿ ವಿಚಾರಿಸಿದೆ, ಅಲ್ಲಿ ಅಂಥವರೇ ಸಿಗಲಿಲ್ಲ. ಸುಳ್ಳು ಅಂತ ಹೇಳಿದರೂ ಸುದ್ದಿ ನಿಲ್ಲಲಿಲ್ಲ. ಆಗ ನೆನಪಾದದ್ದು ಲಿಯೊನ್ ಫೆಸ್ಟಿಂಗರ್. 1957ರ ಅವರ ಮನಸ್ಸಿನ ತಿಕ್ಕಾಟದ ಸಿದ್ಧಾಂತಕ್ಕೆ ಬೀಜ ಬಿದ್ದದ್ದು ನಮ್ಮ ದೇಶದ ಘಟನೆಯಿಂದ. 1934ರ ಬಿಹಾರ ಭೂಕಂಪದ ನಂತರ, ಕಂಪಿಸಿದರೂ ಹಾನಿಯಾಗದ ಊರುಗಳಲ್ಲಿ ಇನ್ನೂ ದೊಡ್ಡ ಗಂಡಾಂತರ ಬರುತ್ತದೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಸುದ್ದಿಯಿಂದ ಭಯ ಅಂತ ನಾವು ಅಂದುಕೊಳ್ಳುತ್ತೇವೆ. ಫೆಸ್ಟಿಂಗರ್ ತಿರುಗಿಸಿ ನೋಡಿದರು: ಭಯ ಮೊದಲೇ ಇತ್ತು, ಅದಕ್ಕೆ ತಕ್ಕ ಕಾರಣ ಕಣ್ಣೆದುರು ಇರಲಿಲ್ಲ, ಸುದ್ದಿ ಆ ಕಾರಣ ಒದಗಿಸಿತು.

ಹಾಗಾದರೆ ಇಲ್ಲಿ ಮೊದಲೇ ಇದ್ದ ಭಯ ಯಾವುದು? ಕಳೆ ಕೀಳುವ ಹೆಂಗಸರ ಜೊತೆ ಬದುವಿನ ಮೇಲೆ ಕೂತಾಗ ಗೊತ್ತಾಯಿತು. ಡೇರಿ ಗೋಡೆಗೆ ಒರಗಿದ್ದ ಮೂವರಲ್ಲಿ ಒಬ್ಬರು ಕೇಳಿದರು: 'ಕಳೆನೇ ಬರಕಿಲ್ಲ ಅಂದ್ರೆ ನಮಗೆ ಕೂಲಿ ಯಾರ್ ಕೊಡ್ತಾರೆ?' ನನ್ನ ಸ್ಲೈಡಿನಲ್ಲಿ 'ಕಳೆ ಖರ್ಚು ಉಳಿತಾಯ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಆ ಉಳಿತಾಯ ಇವರ ಅಡುಗೆಮನೆಯದು. ಸುದ್ದಿ ಹಬ್ಬಿಸಿದ್ದು ಇವರೇ ಅಂತ ನಾನು ಹೇಳುತ್ತಿಲ್ಲ, ಹಬ್ಬಲು ನೆಲ ಹದವಾಗಿತ್ತು ಅಷ್ಟೇ. ತರಗು ಎಳೆದು ಸಾಲಿಗೆ ಹಾಕುವ ಕೆಲಸಕ್ಕೆ ಇವರನ್ನೇ ಕರೆಯುವಂತೆ ಕೆಲವರನ್ನು ಒಪ್ಪಿಸಿದೆ. ಕಳೆದುಹೋದ ಕೂಲಿ ಪೂರ್ತಿ ತುಂಬಲಿಲ್ಲ. ಇವತ್ತಿಗೂ ತುಂಬಿಲ್ಲ.

ಮುಂದಿನ ಕಟಾವಿಗೆ ಏಳು ಜನ ಸುಡಲಿಲ್ಲ. ಅವರಲ್ಲಿ ಕುರ್ಚಿಯ ಸಾಲಿನವರು ಒಬ್ಬರೇ. ಮೇಲಧಿಕಾರಿಗಳಿಗೆ ಏಳು ಸಣ್ಣ ಸಂಖ್ಯೆ ಅನ್ನಿಸಿತು. ಎಷ್ಟು ಸಭೆ ಮಾಡಿದಿರಿ ಎಂದು ಕೇಳಿದರು. 'ಒಂದು' ಅಂದೆ.

ಮೊನ್ನೆ ಸಂಜೆ ಫೋನ್ ಬಂತು. ಮೂರನೇ ದಿನಕ್ಕೇ ಬೆಂಕಿ ಹಾಕಿದ್ದರಲ್ಲ, ಅವರದೇ. 'ಸಾ, ತರಗು ಪುಡಿ ಮಾಡೋ ಮಿಷಿನ್ನು ಬಾಡಿಗೆಗೆ ಎಲ್ ಸಿಕ್ತದೆ?' ನನಗೆ ಗೊತ್ತಿರಲಿಲ್ಲ. ನಾಲೆ ಕೊನೆಯವರ ನಂಬರ್ ಕೊಟ್ಟೆ.