ಲಂಡನ್ನಿನ ಹಳೇ ಮನೆ: ಹೀಟರಿಗೆ ಮೊದಲು ಸಂದು ನೋಡಿ

ಲಂಡನ್ನಿನಲ್ಲಿ ವಿಕ್ಟೋರಿಯಾ ಕಾಲದ ಮನೆಗೆ ಬಾಡಿಗೆಗೆ ಬಂದ ನಮ್ಮವರು ಚಳಿ ಶುರುವಾದೊಡನೆ ಫ್ಯಾನ್ ಹೀಟರ್ ತರುತ್ತಾರೆ. 2 ಕಿಲೋವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್ ನುಂಗುತ್ತದೆ. ಅಲ್ಲಿ ಕರೆಂಟಿನ ಯೂನಿಟ್ ಮನೆ ಕಾಯಿಸುವ ಗ್ಯಾಸಿನ ಯೂನಿಟ್ಟಿಗಿಂತ ಮೂರು ಪಟ್ಟಿಗೂ ತುಟ್ಟಿ. ಕಾದ ಗಾಳಿ ಕಿಟಕಿ ಸಂದಿನಿಂದ ಬೀದಿಪಾಲು.

1. ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ ಕಿಟಕಿ, ಬಾಗಿಲುಗಳ ಅಂಚಿಗುಂಟ ನಿಧಾನ ಸರಿಸಿ. ಹೊಗೆ ಬಾಗಿದಲ್ಲಿ ಪೆನ್ಸಿಲ್ ಗುರುತು ಹಾಕಿ.

2. ಸಂದು ಅಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಚಪಾತಿ ಹಿಟ್ಟಿನ ಚಿಕ್ಕ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಕಿಟಕಿ ಕೂರುವ ಜಾಗದಲ್ಲಿಟ್ಟು ಮುಚ್ಚಿ, ತೆಗೆಯಿರಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ಸಂದಿನ ಅಳತೆ. ಮೂರ್ನಾಲ್ಕು ಕಡೆ ನೋಡಿ. ಹಳೇ ಮರ ಸೊಟ್ಟಗಾಗಿರುತ್ತದೆ. 3 ಮಿ.ಮೀ. ಒಳಗಿದ್ದರೆ ಕತ್ತರಿಸಿದ ತುದಿ ಇಂಗ್ಲಿಷಿನ ‘E’ ಅಕ್ಷರದಂತೆ ಕಾಣುವ ರಬ್ಬರ್ ಪಟ್ಟಿ, 3ರಿಂದ 5 ಇದ್ದರೆ ‘P’ಯಂತೆ ಕಾಣುವುದು. ದಪ್ಪ ಹೆಚ್ಚಾದರೆ ಚಿಲಕ ಬೀಳುವುದಿಲ್ಲ. ಅಗ್ಗದ ಸ್ಪಂಜಿನ ಪಟ್ಟಿಯನ್ನಂತೂ ಮುಟ್ಟಬೇಡಿ, ಒಂದೇ ಚಳಿಗಾಲಕ್ಕೆ ಅಪ್ಪಚ್ಚಿ.

ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿಯ ಲೆಕ್ಕ ಬೇರೆ. ರಬ್ಬರ್ ಒತ್ತಿದರೆ ಮುಚ್ಚುತ್ತದೆ, ಉಜ್ಜಿದರೆ ಕಿತ್ತುಬರುತ್ತದೆ. ಹಾಗಾಗಿ ಜಾರುವ ಪಕ್ಕಗಳಿಗೆ ಬ್ರಷ್ ಪಟ್ಟಿ, ಚೌಕಟ್ಟಿನ ತಳಕ್ಕೆ ತಾಗುವ ಕೆಳ ಅಂಚಿಗೆ ಮಾತ್ರ ರಬ್ಬರ್. ಮೇಲಿನ, ಕೆಳಗಿನ ಎರಡು ಗಾಜಿನ ಕದಗಳು ಮಧ್ಯೆ ಕೂಡುವ ಅಡ್ಡಪಟ್ಟಿಯನ್ನು ಮರೆಯಬೇಡಿ, ಗಾಳಿ ಅಲ್ಲೂ ನುಗ್ಗುತ್ತದೆ. ಮರವನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಪಟ್ಟಿಯನ್ನು ಎಳೆಯದೆ ಅಂಟಿಸಿ. ಎಳೆದು ಅಂಟಿಸಿದ ಪಟ್ಟಿ ಕುಗ್ಗಿ ಮೂಲೆಯಲ್ಲಿ ಬಾಯಿಬಿಡುತ್ತದೆ.

3. ಗೋಡೆಯ ಬುಡದ ತೂತಿನ ಇಟ್ಟಿಗೆ, ಕಿಟಕಿ ಮೇಲಿನ ಸಣ್ಣ ಗಾಳಿಕಿಂಡಿ, ಗ್ಯಾಸ್ ಉಪಕರಣದ ಪಕ್ಕದ ಜಾಲರಿ ಮುಚ್ಚಲೇಬೇಡಿ. ಮೊದಲನೆಯದು ಮುಚ್ಚಿದರೆ ನೆಲದ ತೊಲೆ ಕೊಳೆಯುತ್ತದೆ, ಎರಡನೆಯದಕ್ಕೆ ಗೋಡೆಯಲ್ಲಿ ಬೂಸ್ಟು, ಮೂರನೆಯದಕ್ಕೆ ಪ್ರಾಣವೇ ಹೋಗಬಹುದು. ಗ್ಯಾಸ್ ಸರಿಯಾಗಿ ಉರಿಯದಾಗ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಪತ್ತೆಹಚ್ಚುವ ಅಲಾರಂ ಇರಲಿ. ಒಳಗೆ ಬಟ್ಟೆ ಒಣಹಾಕಿದರೂ ಬೂಸ್ಟು ಬರುತ್ತದೆ. ಆ ಕೋಣೆಯ ಬಾಗಿಲು ಹಾಕಿ, ಕಿಟಕಿ ತುಸು ತೆರೆದಿಡಿ.

4. ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದರೆ ಹೀಟಿಂಗ್ ಆರಿಸಿ, ತಣಿದ ಮೇಲೆ ಅದರ ಕೀಲಿಯಿಂದ ಒಳಗೆ ಸೇರಿದ ಗಾಳಿಯನ್ನು ಹೊರಬಿಡಿ. ನೀರು ಜಿನುಗಿದೊಡನೆ ಬಿಗಿಮಾಡಿ. ಟ್ಯಾಂಕಿಲ್ಲದೆ, ಬೇಕಾದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರಾದರೆ ರೇಡಿಯೇಟರಿಗೆ ಹೋಗುವ ನೀರನ್ನು 60 ಡಿಗ್ರಿಗೆ ಇಳಿಸಿ. ಬಿಸಿನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಇದು ಬೇಡ, ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟದೆ, ರೋಗ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಸಾಯದೆ ಉಳಿಯಬಹುದು.

5. ಇಷ್ಟಾದರೂ ಬೆಚ್ಚಗಾಗದಿದ್ದರೆ ಮನೆಯ ಇಪಿಸಿ ದರ್ಜೆಯನ್ನು (ಮನೆ ಎಷ್ಟು ಇಂಧನ ಉಳಿಸುತ್ತದೆ ಎಂಬುದಕ್ಕೆ ‘ಎ’ಯಿಂದ ‘ಜಿ’ವರೆಗಿನ ಅಂಕ, ‘ಜಿ’ ಎಲ್ಲಕ್ಕಿಂತ ಕೆಳಗೆ) ಸರ್ಕಾರಿ ತಾಣದಲ್ಲಿ ಪುಕ್ಕಟೆ ನೋಡಿ. 2020ರ ಏಪ್ರಿಲ್‌ನಿಂದ, ವಿನಾಯಿತಿ ನೋಂದಾಯಿಸದೆ, ‘ಎಫ್’ ಅಥವಾ ‘ಜಿ’ ದರ್ಜೆಯ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ದೂರು ಸ್ಥಳೀಯ ಆಡಳಿತವಾದ ಕೌನ್ಸಿಲಿಗೆ.