ಶಿಮೆನ್ ಯಾವಾಗ ‘ನೀವು’ ಅಂದಳು?

ಮೂರು ಗಂಟೆಯ ಒಂದು ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಬರೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಹೆಚ್ಚುಕಮ್ಮಿ ಒಂದು ತಿಂಗಳನ್ನು ತಿಂದದ್ದು ಒಂದೇ ಇಂಗ್ಲಿಷ್ ಪದ. ‘ಯೂ’.

ಕೆಲಸ ಶುರುವಾದದ್ದು ಅಮ್ಮನಿಂದ. ಕುದುರೆ, ಕತ್ತಿ, ಕೋಟೆ ಇರುವ ಸಿನಿಮಾ ಅಂದರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ. ಇಂಗ್ಲಿಷ್ ಮಾತ್ರ ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಬೇಕು. ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ತೆರೆ ಮೇಲೆ ಯಾರೋ ಸತ್ತಿರುತ್ತಾರೆ. ‘ಅಯ್ಯೋ, ಇವನ್ಯಾಕೆ ಸತ್ತ?’ ಅನ್ನುತ್ತಾಳೆ. ಮತ್ತೆ ಹಿಂದಕ್ಕೆ ಓಡಿಸಬೇಕು. ‘ಬಾಯಲ್ಲಿ ಹೇಳೋ ಬದಲು ಕೆಳಗೆ ಬರೆದು ಹಾಕಬಾರದಾ? ದಿನಾ ಪ್ರೂಫ್ ನೋಡೋನು ನೀನು’ ಅಂದಳು ಒಂದು ದಿನ. ನಾನು ಶಿವಮೊಗ್ಗದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತೇನೆ. ಮಾತು ನಾಟಿತು.

ಆರಿಸಿಕೊಂಡದ್ದು ‘ಎಲ್ ಸಿಡ್’. 1961ರ ಸಿನಿಮಾ, ಆಂಥೊನಿ ಮಾನ್ ನಿರ್ದೇಶನ. 11ನೇ ಶತಮಾನದ ಸ್ಪೇನಿನ ವೀರ ರೊಡ್ರಿಗೊ ದಿಯಾಸ್ ಆಗಿ ಚಾರ್ಲ್ಟನ್ ಹೆಸ್ಟನ್, ಅವನ ಶಿಮೆನ್ ಆಗಿ ಸೋಫಿಯಾ ಲಾರೆನ್. ಕಥೆ ಸುಲಭ, ಆದರೆ ಗಂಟು ಜಾಸ್ತಿ. ರೊಡ್ರಿಗೊ ಸೆರೆ ಸಿಕ್ಕ ಮುಸ್ಲಿಂ ಅಮೀರರನ್ನು ಕೊಲ್ಲದೆ ಬಿಟ್ಟುಬಿಡುತ್ತಾನೆ. ಅವನಿಗೆ ರಾಜದ್ರೋಹಿ ಎಂಬ ಹೆಸರು ಬರುತ್ತದೆ. ಅವನ ಮುದಿ ತಂದೆಗೆ ಶಿಮೆನ್‌ಳ ತಂದೆ ಆಸ್ಥಾನದಲ್ಲೇ ಕೆನ್ನೆಗೆ ಹೊಡೆಯುತ್ತಾನೆ. ರೊಡ್ರಿಗೊ ಅವನನ್ನು ಕೊಲ್ಲುತ್ತಾನೆ. ಅಂದರೆ ಮದುವೆಯಾಗಬೇಕಾದ ಹುಡುಗಿಯ ಅಪ್ಪನನ್ನೇ ಕೊಂದ. ಮುಂದಿನ ಎರಡೂವರೆ ಗಂಟೆ ಇದರ ಫಲ.

ಮೊದಲು ಉಪಕರಣದ ವಿಷಯ ಮುಗಿಸಿಬಿಡುತ್ತೇನೆ. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶ ಬಳಸಿದೆ. ನಾನು ಕೊಂಡ ಡಿಸ್ಕಿನಲ್ಲಿದ್ದ ಇಂಗ್ಲಿಷ್ ಸಾಲುಗಳ ಸಮಯವನ್ನು ಹಾಗೇ ಇಟ್ಟುಕೊಂಡು ಮಾತು ಮಾತ್ರ ಬದಲಿಸುತ್ತಾ ಹೋದೆ. ಮೊದಲ ರಾತ್ರಿಯೇ ಪರದೆ ತುಂಬ ಕೆಂಪು. ಸಾಲು ಉದ್ದವಾಯಿತು, ಓದಲು ಸಮಯ ಸಾಲದು ಎಂಬ ಎಚ್ಚರಿಕೆ. ಕಣ್ಣಿಗೆ ನೋಡಿದರೆ ಸಾಲು ಚಿಕ್ಕದೇ ಇದೆ! ಆಮೇಲೆ ತಿಳಿಯಿತು: ನಮಗೆ ‘ಕ್ಷಿ’ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಕ, ಅದನ್ನು ಅರ್ಧ ಮಾಡುವ ವಿರಾಮ, ಷ, ಗುಡಿಸು ಸೇರಿ ನಾಲ್ಕು. ಎಚ್ಚರಿಕೆ ಆಫ್ ಮಾಡಿದೆ. ಅಮ್ಮ ಗಟ್ಟಿಯಾಗಿ ಓದಿ ಮುಗಿಸುವಷ್ಟು ಹೊತ್ತು ಸಾಲು ನಿಲ್ಲಬೇಕು, ಅದೇ ಅಳತೆ ಅಂತ ಇಟ್ಟುಕೊಂಡೆ. ಇನ್ನೊಂದು ತಾಪತ್ರಯ ಒತ್ತಕ್ಷರದ್ದು. ಪರದೆಯ ತೀರಾ ಕೆಳಗೆ ಸಾಲು ಬಂದರೆ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ಸ್ವಲ್ಪ ಮೇಲೆ ಎತ್ತಿಟ್ಟರೆ ಸರಿ.

ಮೊದಲ ಕಂತು ತೋರಿಸಿದಾಗ ಅಮ್ಮ ಎರಡು ಕಡೆ ನಕ್ಕಳು. ನಗುವ ಜಾಗಗಳಲ್ಲ ಅವು. ಸ್ಪೇನ್ ಮತ್ತು ಉತ್ತರ ಆಫ್ರಿಕಾದ ಮುಸ್ಲಿಮರಿಗೆ ಇಂಗ್ಲಿಷಿನಲ್ಲಿ ‘ಮೂರ್’ ಅನ್ನುತ್ತಾರೆ. ಅವರನ್ನು ನಾನು ‘ಮೂರರು’ ಅಂತ ಬರೆದಿದ್ದೆ. ‘ಮೂರರ ಸೈನ್ಯ ಬರುತ್ತಿದೆ’ ಅಂತ ಸಾಲು. ‘ಮೂರೇ ಜನಕ್ಕೆ ಇಷ್ಟು ಹೆದರ್ತಾರಾ?’ ಅಂದಳು. ಅವತ್ತೇ ಆ ಪದ ತೆಗೆದೆ. ಸ್ಪೇನಿನೊಳಗಿನ ಮುಸ್ಲಿಂ ಅರಸರಿಗೆ ‘ಅಮೀರ’, ಸಮುದ್ರ ದಾಟಿ ಬರುವ ಬೆನ್ ಯೂಸುಫನ ಪಡೆಗೆ ‘ಆಫ್ರಿಕಾದವರು’. ಹಾಗೆ ಮಾಡಿದ್ದರಿಂದ ಒಂದು ಲಾಭವೂ ಆಯಿತು. ಇಲ್ಲಿ ಜಗಳ ಎರಡು ಧರ್ಮಗಳ ನಡುವೆ ಅಷ್ಟೇ ಅಲ್ಲ ಅನ್ನುವುದು ಪದದಲ್ಲೇ ಬಂದುಬಿಟ್ಟಿತು.

ಎರಡನೆಯದು ‘ಶಿಮೆನ್ ಕಾನ್ವೆಂಟ್ ಸೇರಿದಳು’. ‘ಈ ವಯಸ್ಸಲ್ಲಿ ಯಾವ ಸ್ಕೂಲಿಗೋ?’ ಅಂದಳು ಅಮ್ಮ. ನಮ್ಮಲ್ಲಿ ಕಾನ್ವೆಂಟ್ ಅಂದರೆ ಟೈ ಕಟ್ಟಿಕೊಂಡು ಆಟೋದಲ್ಲಿ ಹೋಗುವ ಜಾಗ ಅಲ್ವಾ. ‘ಸನ್ಯಾಸಿನಿಯರ ಮಠ’ ಅಂತ ತಿದ್ದಿದೆ.

ಈ ಸಿನಿಮಾದಲ್ಲಿ ಉಸಿರಿಗೊಮ್ಮೆ ಬರುವ ಪದ ‘ಆನರ್’. ‘ಗೌರವ’ ಅಂತ ಹಾಕಿ ನೋಡಿದೆ, ಸನ್ಮಾನ ಸಮಾರಂಭದ ಹಾರ ತುರಾಯಿ ನೆನಪಾಯಿತು. ‘ಮರ್ಯಾದೆ’ ಬೀದಿಜಗಳಕ್ಕೆ ಇಳಿಯಿತು. ರೊಡ್ರಿಗೊ ಕತ್ತಿ ಎಳೆಯುವ ಮುಂಚೆ ಶಿಮೆನ್‌ಳ ತಂದೆಯ ಹತ್ತಿರ ಒಬ್ಬನೇ ಹೋಗುತ್ತಾನೆ. ನಮ್ಮಪ್ಪನ ಕ್ಷಮೆ ಕೇಳಿ, ಅಷ್ಟು ಸಾಕು ಅಂತ ಬೇಡುತ್ತಾನೆ. ಆತ ಒಪ್ಪುವುದಿಲ್ಲ. ಆ ದೃಶ್ಯಕ್ಕೆ ಹೊಂದಿದ್ದು ಒಂದೇ ಪದ, ‘ಮಾನ’. ಎರಡೇ ಅಕ್ಷರ, ಸಾಲಿನಲ್ಲಿ ಜಾಗವೂ ಉಳಿಯಿತು. ಕೊಟ್ಟರೆ ಗೌರವ, ಕಳೆದರೆ ಮಾನ. ಮುದುಕನದ್ದು ಕಳೆದಿದೆ, ಅದನ್ನು ವಾಪಸ್ ತರಬೇಕು, ಅಷ್ಟೇ.

ಆದರೆ ಅದೇ ‘ಮಾನ’ವನ್ನು ಶಿಮೆನ್ ಬಾಯಲ್ಲಿ ಇಟ್ಟರೆ ಕೆಡುತ್ತದೆ. ಹೆಂಗಸಿನ ಮಾನ ಅಂದ ಕೂಡಲೇ ಕನ್ನಡದಲ್ಲಿ ಅರ್ಥ ಮೈಯ ಕಡೆಗೆ ಜಾರುತ್ತದೆ. ಅವಳ ಕಷ್ಟ ಅದಲ್ಲ. ಸಾಯುತ್ತಿರುವ ಅಪ್ಪನಿಗೆ, ಸೇಡು ತೀರಿಸುತ್ತೇನೆ ಅಂತ ಒಪ್ಪಿಕೊಂಡಿದ್ದಾಳೆ. ಅವಳ ‘ಆನರ್’ ಬಂದ ಕಡೆಯಲ್ಲೆಲ್ಲ ‘ಕೊಟ್ಟ ಮಾತು’ ಅಂತ ಬರೆದೆ. ಅವನಿಗೆ ಮಾನ, ಅವಳಿಗೆ ಮಾತು. ಇಂಗ್ಲಿಷಿನಲ್ಲಿ ಇಬ್ಬರದ್ದೂ ಒಂದೇ ಪದ. ನಾನು ಬೇರೆ ಮಾಡಿದ್ದು ತಪ್ಪಿರಬಹುದು. ಆದರೂ ಈಗಲೂ ತಿದ್ದುವ ಮನಸ್ಸಿಲ್ಲ.

ಈಗ ‘ಯೂ’. ಇಂಗ್ಲಿಷಿನವರು ಅರಸನಿಗೂ ಆಳಿಗೂ ಪ್ರಿಯತಮೆಗೂ ಅದನ್ನೇ ಅನ್ನುತ್ತಾರೆ. ಕನ್ನಡದಲ್ಲಿ ಪ್ರತಿ ಸಾಲಿಗೂ ನಿಂತು ಕೇಳಿಕೊಳ್ಳಬೇಕು: ನೀನು? ನೀವು? ತಾವು? ಅರಸ ಮತ್ತು ರೊಡ್ರಿಗೊ ನಡುವೆ ಚಿಂತೆ ಇರಲಿಲ್ಲ. ಅರಸ ‘ನೀನು’ ಅನ್ನುತ್ತಾನೆ, ರೊಡ್ರಿಗೊ ‘ತಾವು’. ಕಷ್ಟವಾದದ್ದು ಪ್ರೇಮಿಗಳದ್ದು. ಮೊದಲ ಸಲ ಬರೆದಾಗ ಶಿಮೆನ್ ಉದ್ದಕ್ಕೂ ‘ನೀವು’ ಅನ್ನುತ್ತಿದ್ದಳು. ಹಳೇ ಕಾಲ, ಹೆಣ್ಣುಮಗಳು, ಹಾಗೇ ಇರಬೇಕು ಅಂತ ಕೈ ತಾನಾಗಿ ಬರೆದಿತ್ತು. ಓದಿದರೆ ಹಳೇ ಸಾಂಸಾರಿಕ ಸಿನಿಮಾದ ಸೊಸೆಯ ಹಾಗಿದ್ದಳು. ಎಲ್ಲ ಅಳಿಸಿ ಇಬ್ಬರಿಗೂ ‘ನೀನು’ ಮಾಡಿದೆ. ಪ್ರೀತಿ ಬಂತು, ಆದರೆ ಅಪ್ಪನ ಸಾವಾದ ಮೇಲೂ ಅದೇ ‘ನೀನು’ ಮುಂದುವರಿದು ಸಿಟ್ಟೇ ಇಲ್ಲದಂತಾಯಿತು.

ಒಂದು ರಾತ್ರಿ ಪ್ರೆಸ್ಸಿನಿಂದ ಹನ್ನೊಂದು ಗಂಟೆಗೆ ಮನೆಗೆ ಬಂದೆ. ಫೋನ್ ಮಾಡಿ ಹೇಳಿರಲಿಲ್ಲ. ಅಮ್ಮ ಬಾಗಿಲು ತೆಗೆದು, ‘ಬಂದ್ರಾ ಸಾಹೇಬ್ರು? ತಮಗೆ ಊಟ ಬಡಿಸ್ಲಾ?’ ಅಂದಳು. ಚಪ್ಪಲಿ ಬಿಡದೆ ಅಲ್ಲೇ ನಿಂತೆ. ಇಷ್ಟು ಸುಲಭದ್ದು ಹೊಳೆದಿರಲಿಲ್ಲವಲ್ಲ! ನಮ್ಮಲ್ಲಿ ಸಿಟ್ಟು ನೆತ್ತಿಗೇರಿದರೆ ಏಕವಚನ ಬರುತ್ತದೆ ನಿಜ. ಆದರೆ ಹತ್ತಿರದವರ ಮೇಲಿನ ಸಿಟ್ಟು ತಣ್ಣಗಾಗಿ ಗಟ್ಟಿಯಾದಾಗ ಬರುವುದು ಬಹುವಚನ. ಅದರಷ್ಟು ದೂರ ತಳ್ಳುವುದು ಇನ್ನೊಂದಿಲ್ಲ.

ಆ ರಾತ್ರಿ ಊಟ ಮಾಡಿ ಕೂತು ಶಿಮೆನ್‌ಳ ಸಾಲುಗಳನ್ನು ಮೂರು ಭಾಗ ಮಾಡಿದೆ. ಅಪ್ಪ ಸಾಯುವವರೆಗೆ ‘ನೀನು’. ಅಪ್ಪನ ಹೆಣ ಬಿದ್ದ ಮೇಲೆ ಮೊದಲ ಮಾತಿಗೇ ‘ನೀವು’. ಅರಸನ ಒಪ್ಪಿಗೆಯಿಂದ ಮದುವೆಯಾದರೂ ಆ ‘ನೀವು’ ಸಡಿಲವಾಗುವುದಿಲ್ಲ. ಹೆಂಡತಿಯಾಗಿ ಗಂಡನಿಗೆ ‘ನೀವು’ ಅನ್ನುತ್ತಿದ್ದಾಳೆ, ನೋಡುವವರಿಗೆ ಅದು ಮರ್ಯಾದೆಯಂತೆ ಕಾಣುತ್ತದೆ, ರೊಡ್ರಿಗೊಗೆ ಮಾತ್ರ ಅದು ಬೀಗ ಹಾಕಿದ ಬಾಗಿಲು. ಮದುವೆಯ ರಾತ್ರಿಯ ದೃಶ್ಯವನ್ನು ನಾನು ಹೆಚ್ಚು ತಿದ್ದಬೇಕಾಗಲೇ ಇಲ್ಲ.

ಮತ್ತೆ ‘ನೀನು’ ಯಾವಾಗ? ಹೊಸ ಅರಸ ಅಲ್ಫೊನ್ಸೊ ಸಿಂಹಾಸನಕ್ಕೆ ಬಂದಾಗ ರೊಡ್ರಿಗೊ ಒಬ್ಬನೇ ಮಂಡಿಯೂರುವುದಿಲ್ಲ. ಅಣ್ಣನ ಕೊಲೆಯಲ್ಲಿ ತನ್ನ ಕೈ ಇಲ್ಲ ಅಂತ ಅರಸನಿಂದ ಬೈಬಲ್ ಮುಟ್ಟಿಸಿ ಆಣೆ ಮಾಡಿಸುತ್ತಾನೆ. ಅದಕ್ಕೆ ಸಿಕ್ಕ ಬಹುಮಾನ ಗಡಿಪಾರು. ದಾರಿಯಲ್ಲಿ ಒಬ್ಬ ಕುಷ್ಠರೋಗಿ ನೀರು ಕೇಳುತ್ತಾನೆ. ರೊಡ್ರಿಗೊ ತನ್ನದೇ ನೀರಿನ ಚೀಲ ಕೊಡುತ್ತಾನೆ. ಆ ರೋಗಿ ತನ್ನ ಹೆಸರು ಲಾಜರಸ್ ಅನ್ನುತ್ತಾನೆ. ಬೈಬಲಿನಲ್ಲಿ ಯೇಸು ಸಾವಿನಿಂದ ಎಬ್ಬಿಸಿದವನ ಹೆಸರು. ಅದಾದ ಮೇಲೆ ಶಿಮೆನ್ ಬರುತ್ತಾಳೆ. ಎಲ್ಲ ಕಳೆದುಕೊಂಡವನ ಹಿಂದೆ, ತಾನಾಗಿ. ಅಲ್ಲಿ ಅವಳಿಗೆ ‘ನೀನು’ ಕೊಟ್ಟೆ. ಅಮ್ಮ ಆ ಸಾಲು ಓದಿದಾಗ ಏನೂ ಹೇಳಲಿಲ್ಲ, ಸೆರಗು ಸರಿಮಾಡಿಕೊಂಡಳು. ನನಗೆ ಅಷ್ಟೇ ಬೇಕಿತ್ತು.

ಆಮೇಲೊಮ್ಮೆ ಅನುಮಾನ ಕಾಡಿತು. ಇದೇ ಕಥೆಯನ್ನು ಫ್ರೆಂಚಿನ ಕೊರ್ನೇಯ್ 1637ರ ಸುಮಾರಿಗೆ ನಾಟಕ ಮಾಡಿದ್ದ. ಫ್ರೆಂಚಿನಲ್ಲೂ ನಮ್ಮ ಹಾಗೆ ನೀನು, ನೀವು ಇದೆ. ಅಲ್ಲಿ ಅವಳು ಅಪ್ಪನನ್ನು ಕೊಂದವನಿಗೆ ‘ಹೋಗು, ನಿನ್ನ ಮೇಲೆ ನನಗೆ ದ್ವೇಷವಿಲ್ಲ’ ಅಂತ ‘ನೀನು’ ಹಾಕಿಯೇ ಹೇಳುತ್ತಾಳೆ. ಹಾಗಾದರೆ ನಾನು ತಲೆಕೆಳಗು ಮಾಡಿದೆನಾ? ಸಿನಿಮಾ ಮತ್ತೆ ನೋಡಿದೆ. ಲಾರೆನ್ ಮುಖದಲ್ಲಿ ಆ ಹೊತ್ತಿಗೆ ದ್ವೇಷ ನಿಜವಾಗಿಯೇ ಇದೆ. ‘ನೀವು’ ಉಳಿಯಿತು.

ದೇವರ ವಿಷಯದಲ್ಲಿ ಕನ್ನಡ ನನ್ನ ಕೈ ಹಿಡಿಯಿತು. ಅರಸನಿಗೆ ‘ತಾವು’ ಅನ್ನುವ ಬಾಯಿ ದೇವರಿಗೆ ‘ನೀನು’ ಅನ್ನುತ್ತದೆ. ವಚನದಲ್ಲೂ ಹಾಗೇ, ಕನ್ನಡ ಬೈಬಲಿನಲ್ಲೂ ಹಾಗೇ. ಅಮೀರ ಅಲ್ಲಾನನ್ನು ಕರೆದಾಗಲೂ ‘ನೀನು’ ಅಂತಲೇ ಬರೆದೆ. ಅಲ್ಲಿ ಎರಡು ಕಡೆಯವರೂ ಒಂದಾದರು. ಈ ಸಿನಿಮಾದಲ್ಲಿ ದೇವರ ಹೆಸರನ್ನು ದೊಡ್ಡದಾಗಿ ಕೂಗುವವನು ಬೆನ್ ಯೂಸುಫ್. ಪುಸ್ತಕ ಸುಡಿ, ಕವಿಗಳು ಯೋಧರಾಗಲಿ ಅನ್ನುವವನು. ರೊಡ್ರಿಗೊ ಕಡಿಮೆ ಮಾತಾಡುತ್ತಾನೆ. ಸುಟ್ಟ ಊರಿನಲ್ಲಿ ಬಾಣ ನೆಟ್ಟ ಶಿಲುಬೆಯನ್ನು ಹೆಗಲಿಗೇರಿಸಿಕೊಳ್ಳುತ್ತಾನೆ, ಅಷ್ಟೆ.

‘ಸಿಡ್’ ಅನ್ನುವ ಹೆಸರೇ ಶತ್ರುಗಳ ಭಾಷೆಯದ್ದು. ಅರಬ್ಬಿಯ ‘ಸಯ್ಯಿದ್’, ಅಂದರೆ ಒಡೆಯ. ಸ್ಪೇನಿನ ಹಳೇ ಕಾವ್ಯದಲ್ಲಿ ಅವನು ‘ಮಿಯೊ ಸಿಡ್’. ಅಕ್ಷರಶಃ ‘ನನ್ನೊಡೆಯ’. ರೊಡ್ರಿಗೊ ಕೊಲ್ಲದೆ ಬಿಟ್ಟ ಅಮೀರರಲ್ಲೊಬ್ಬ ಮೂತಮಿನ್. ಅವನು ಬಿರುದು ಕೊಡುವ ಸಾಲಿಗೆ ‘ಸಿಡ್, ಅಂದರೆ ನನ್ನೊಡೆಯ’ ಅಂತ ಹಾಕಿದೆ. ಕನ್ನಡದಲ್ಲಿ ಒಡೆಯ ಅಂದರೆ ಅರಸನೂ ಹೌದು, ಕೂಡಲಸಂಗನೂ ಹೌದು. ಇದು ನನ್ನ ಜಾಣತನವಲ್ಲ, ಪದ ಅಲ್ಲೇ ಬಿದ್ದಿತ್ತು.

ಇತಿಹಾಸದ ಮೂತಮಿನ್ ಜರಗೋಜಾದ ಅರಸ. ಗಡಿಪಾರಾದ ರೊಡ್ರಿಗೊ ಅವನ ಬಳಿ ದಂಡನಾಯಕನಾಗಿ ಸಂಬಳಕ್ಕೆ ದುಡಿದಿದ್ದ. 1094ರಲ್ಲಿ ವೆಲೆನ್ಸಿಯಾ ಗೆದ್ದ. 1099ರಲ್ಲಿ ಅಲ್ಲೇ ತೀರಿಕೊಂಡ. ಸತ್ತ ಮೈಯನ್ನು ಕುದುರೆ ಮೇಲೆ ಕಟ್ಟಿ ಯುದ್ಧಕ್ಕೆ ಕಳಿಸಿದ್ದು ಆಮೇಲೆ ಜನರ ಬಾಯಲ್ಲಿ ಬೆಳೆದದ್ದು. ಸಿನಿಮಾ ಬಿಟ್ಟದ್ದೂ ಇದೆ: ಅವನ ನಂತರ 1102ರವರೆಗೆ ಊರನ್ನು ಹಿಡಿದು ನಿಲ್ಲಿಸಿದ್ದು ಹೆಂಡತಿ. ಅದನ್ನೂ ತೋರಿಸಿದ್ದರೆ ಅಮ್ಮ ಇನ್ನೂ ಒಂದು ಗಂಟೆ ಕೂರುತ್ತಿದ್ದಳು.

ದಸರಾ ರಜೆಯಲ್ಲಿ ಮನೆ ಮಾಳಿಗೆ ಮೇಲೆ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ಪ್ರೊಜೆಕ್ಟರ್ ತಂದು ಮನೆಯವರಿಗೆ ತೋರಿಸಿದೆ. ಸೊರಬದಿಂದ ದೊಡ್ಡಪ್ಪ ಬಂದಿದ್ದರು. ಅರ್ಧಕ್ಕೆ ಅವರಿಗೆ ತೂಕಡಿಕೆ ಬಂತು. ಕೊನೆಯಲ್ಲಿ, ಸತ್ತ ಸಿಡ್‌ನನ್ನು ಕಬ್ಬಿಣದ ಚೌಕಟ್ಟಿನಿಂದ ಬಿಗಿದು ಬಾಬಿಯೆಕಾ ಕುದುರೆ ಮೇಲೆ ಕೂರಿಸಿ ಕೋಟೆ ಬಾಗಿಲು ತೆಗೆದರಲ್ಲ, ಆಗ ಎದ್ದು ಕೂತರು.

‘ಇದೇನೋ ಇದು! ನಮ್ಮೂರ ಕೆರೆ ಏರಿ ಮೇಲಿನ ವೀರಗಲ್ಲು ನೋಡಿದೀಯಲ್ಲ? ಕೆಳಗಡೆ ಯುದ್ಧ. ಮಧ್ಯದಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗೋದು. ಮೇಲ್ಗಡೆ ಲಿಂಗದ ಮುಂದೆ ಕೂತಿರೋದು. ಸತ್ತವನು ಮೇಲಕ್ಕೆ ಹೋಗಬೇಕು. ಇವರು ಸತ್ತವನನ್ನ ಮತ್ತೆ ಕೆಳಗಿನ ಪಟ್ಟಿಗೇ ಇಳಿಸಿದಾರಲ್ಲೋ!’

‘ದೊಡ್ಡಪ್ಪ, ನೀವು ಸುಮ್ನೆ ನೋಡಿ’ ಅಂದೆ. ನಾಲ್ಕು ತಿಂಗಳಲ್ಲಿ ನನಗೆ ಹೊಳೆಯದ್ದನ್ನು ಅವರು ತೂಕಡಿಕೆಯಿಂದ ಎದ್ದು ಹೇಳಿದ್ದರು. ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಕೊನೆಯ ಸಾಲು ಒಂದು ಬಾಕಿ ಇತ್ತು. ಸಿಡ್ ಇತಿಹಾಸದಿಂದ ಐತಿಹ್ಯದೊಳಕ್ಕೆ ಹೋದ ಅನ್ನುವ ಅರ್ಥದ ಮಾತು. ‘ಇತಿಹಾಸ’, ‘ಐತಿಹ್ಯ’ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬಂದರೆ ಪ್ರೂಫ್ ತಪ್ಪಿದ ಹಾಗೆ ಕಾಣುತ್ತದೆ. ‘ದಂತಕಥೆ’ ಅಂದರೆ ಕ್ರಿಕೆಟ್ ಆಟಗಾರರ ನೆನಪು. ಹಿಂದಿನ ದಿನ ರಾತ್ರಿ ತಿದ್ದಿದ್ದು ಹೀಗೆ: ‘ಇತಿಹಾಸದ ಹೆಬ್ಬಾಗಿಲು ದಾಟಿ ಸಿಡ್ ಕಥೆಯಾದ.’

ಅಮ್ಮ ಅದನ್ನು ಗಟ್ಟಿಯಾಗಿ ಓದಿದಳು. ಪಂಚೆ ಗಾಳಿಗೆ ಅಲ್ಲಾಡುತ್ತಿತ್ತು. ಸಮುದ್ರದ ದಂಡೆಯುದ್ದಕ್ಕೂ ಕುದುರೆ ಓಡಿಹೋಯಿತು.

‘ಆ ಕುದುರೆ ಏನಾಯ್ತೋ?’

‘ಅವನಾದ ಮೇಲೆ ಅದರ ಬೆನ್ನು ಯಾರೂ ಹತ್ತಲಿಲ್ಲ ಅಂತ ಅಲ್ಲಿಯವರು ಹೇಳ್ತಾರಮ್ಮ.’

‘ಅದನ್ನೂ ಬರೀಬೇಕಿತ್ತು ನೀನು’ ಅಂದಳು. ಪಂಚೆ ಬಿಚ್ಚಿ ಮಡಿಸತೊಡಗಿದಳು.